ಕೊನೆಯ ಪುಟಗಳಿಲ್ಲದ ಪುಸ್ತಕ

ನಮ್ಮ ಕಡೆ ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾಯಿತೆಂದರೆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಹಗಲು ಕೊನೆಗೌಡರು ಇಳಿಸಿದ ಅಡಿಕೆಯನ್ನು ಸಂಜೆಯ ಹೊತ್ತಿಗೆ ಅಂಗಳಕ್ಕೆ ತಂದು ರಾಶಿ ಹಾಕುತ್ತಿದ್ದರು. ಊಟ ಮುಗಿಸಿ ಎಂಟು ಗಂಟೆಗೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತರೆ ಹನ್ನೆರಡಾದರೂ ಸುಲಿತ ಮುಗಿಯುತ್ತಿರಲಿಲ್ಲ. ತೂಕಡಿಸಿದರೆ ಬೆರಳು ಹೋಗುತ್ತದೆ. ಆದ್ದರಿಂದ ಯಾರಾದರೊಬ್ಬರು ಏನಾದರೂ ಹೇಳುತ್ತಲೇ ಇರಬೇಕು. ಕೆಲವರ ಮನೆಯಲ್ಲಿ ತಾಳಮದ್ದಳೆಯ ಪದ, ಕೆಲವರ ಮನೆಯಲ್ಲಿ ಊರ ಸುದ್ದಿ. ಹೊಸನಗರ ತಾಲೂಕಿನ ನಮ್ಮ ಮನೆಯಲ್ಲಿ ಮಾತ್ರ ಕೊಲೆ.

ಓದುತ್ತಿದ್ದವಳು ನನ್ನ ಅಮ್ಮ. ಗ್ಯಾಸ್‌ಲೈಟಿನ ಕೆಳಗೆ ಮಣೆ ಹಾಕಿಕೊಂಡು ಕುಳಿತು, ಕಾಗದ ಹಳದಿಗಟ್ಟಿದ ಒಂದು ಸಣ್ಣ ಪುಸ್ತಕವನ್ನು ಮುಖದ ಹತ್ತಿರ ಹಿಡಿದು, ಶಾಲೆಯ ಮಕ್ಕಳ ಹಾಗೆ ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದಳು. ಬೆಂಗಳೂರಿನ ಯಾವುದೋ ಬಡಾವಣೆಯ ಬಂಗಲೆ, ಮಧ್ಯರಾತ್ರಿ ಗೇಟಿನ ಮುಂದೆ ನಿಂತ ಕಾರು, ಬೆಳಗಾದರೆ ಒಳಗೊಂದು ಹೆಣ. ಅಡಿಕೆ ಸುಲಿಯುವ ಇಪ್ಪತ್ತು ಜನ ಉಸಿರು ಬಿಗಿ ಹಿಡಿದು ಕೇಳುತ್ತಿದ್ದರು. ಇದು 1980ರ ಆಸುಪಾಸಿನ ಮಾತು. ನನಗಾಗ ಹತ್ತು ಹನ್ನೊಂದು ವರ್ಷ.

ಆ ಗುಂಪಿನಲ್ಲಿ ಕೆಲಸಕ್ಕೆ ಬರುತ್ತಿದ್ದ ಒಬ್ಬ ಮುದುಕಿಯಿದ್ದಳು. ನಾವು ಮಕ್ಕಳು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಬೆಂಗಳೂರನ್ನು ಕಂಡವಳೂ ಅಲ್ಲ. ಆದರೆ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅಡಿಕೆಯಿಂದ ತಲೆಯೆತ್ತದೆ, "ಅವನೇ ಕಣ್ರಮ್ಮ, ಕೊಂದಂವ ಅವನೇ" ಎಂದು ಬಿಡುತ್ತಿದ್ದಳು. ಹತ್ತರಲ್ಲಿ ಎಂಟು ಸಲ ಅವಳ ಮಾತೇ ನಿಜವಾಗುತ್ತಿತ್ತು. ಹೇಗೆ ಗೊತ್ತಾಯಿತು ಎಂದು ನಾನೊಮ್ಮೆ ಕೇಳಿದೆ. "ಸತ್ತವರ ಮನೆಯಾಗೆ ಯಾರು ಎಲ್ಲರಿಗಿಂತ ಹೆಚ್ಚು ಓಡಾಡಿ ಕೆಲ್ಸ ಮಾಡ್ತಾರೆ ನೋಡು" ಎಂದಳು.

ಮುಂದೆ ಬಿ.ಎ. ಮಾಡುವಾಗ ಸಾಹಿತ್ಯ ವಿಮರ್ಶೆಯ ಪುಸ್ತಕಗಳನ್ನು ಒಂದಿಷ್ಟು ಓದಿದೆ. ಪತ್ತೇದಾರಿ ಕಾದಂಬರಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಒಂದು ವಾಕ್ಯ ನನಗೆ ಸಿಕ್ಕಲಿಲ್ಲ.

ಆ ಪುಸ್ತಕಗಳು ನಮ್ಮ ಮನೆಗೆ ಬಂದದ್ದಕ್ಕೂ ಒಂದು ಕಾರಣವಿತ್ತು. ಅಮ್ಮನ ತವರು ಶರಾವತಿ ಕಣಿವೆಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಊರುಗಳ ಜೊತೆ ಅವಳ ತವರಿನ ಮನೆ, ಗದ್ದೆ, ತೋಟ ಎಲ್ಲವೂ ನೀರಿನಡಿಗೆ ಹೋದವು. ಅದಕ್ಕೂ ಮೊದಲು 1948ರಲ್ಲಿ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಈ ಹೊಸ ಅಣೆಕಟ್ಟಿನ ನೀರಿನಲ್ಲೇ ಮುಳುಗಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಅದು ಈಗಲೂ ಮೇಲೆ ಕಾಣಿಸಿಕೊಳ್ಳುತ್ತದೆ. ಜಮೀನು ಹೋದ ಮೇಲೆ ನನ್ನ ಸೋದರಮಾವ ಬೆಂಗಳೂರಿಗೆ ಹೋಗಿ ಹೋಟೆಲ್ ಸೇರಿದರು. ದೀಪಾವಳಿಗೆ ಬರುವಾಗ ಅಕ್ಕನಿಗೆ ಸೀರೆ ತರುವಷ್ಟು ದುಡ್ಡಿರುತ್ತಿರಲಿಲ್ಲ. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಪತ್ತೇದಾರಿ ಪುಸ್ತಕಗಳ ಒಂದು ಕಟ್ಟು ತರುತ್ತಿದ್ದರು. ಅಮ್ಮನ ಓದು ನಾಲ್ಕನೇ ತರಗತಿ. ಭಾರತವನ್ನೋ ರಾಮಾಯಣವನ್ನೋ ಕೈಗೆ ಕೊಟ್ಟಿದ್ದರೆ ನಮಸ್ಕಾರ ಮಾಡಿ ದೇವರ ಪೀಠದ ಹತ್ತಿರ ಇಡುತ್ತಿದ್ದಳು. ಇವನ್ನು ಓದಿದಳು.

ಆ ಕಟ್ಟಿನಲ್ಲಿ ಬಹುಪಾಲು ಎನ್. ನರಸಿಂಹಯ್ಯನವರ ಪುಸ್ತಕಗಳು. ಅವರು 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಮೊದಲ ಕಾದಂಬರಿ 'ಪತ್ತೇದಾರ ಪುರುಷೋತ್ತಮ' ಬಂದದ್ದು 1952ರಲ್ಲಿ. ಅಲ್ಲಿಂದ ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರು ಒಂದು ಕಾಲಕ್ಕೆ ಸಿನಿಮಾ ನಟರಷ್ಟೇ ಪರಿಚಿತರಾಗಿದ್ದರು. 2011ರಲ್ಲಿ ನರಸಿಂಹಯ್ಯನವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾನು ಮೊದಲ ಸಲ ಅವರ ಬದುಕಿನ ವಿವರ ಓದಿದೆ. ಅವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ. ಪತ್ರಿಕೆ ಮಡಚಿಟ್ಟು ಸುಮ್ಮನೆ ಕುಳಿತುಬಿಟ್ಟೆ. ನಾಲ್ಕನೇ ತರಗತಿ ಓದಿದವರು ಬರೆದದ್ದನ್ನು ನಾಲ್ಕನೇ ತರಗತಿ ಓದಿದವಳು ಅಕ್ಷರವೇ ಬಾರದವರಿಗೆ ಓದಿ ಹೇಳಿದ್ದಳು. ನಡುವೆ ಯಾವ ಮೇಷ್ಟರೂ ಇರಲಿಲ್ಲ.

ನರಸಿಂಹಯ್ಯನವರು ಒಬ್ಬರೇ ಅಲ್ಲ. ಕನ್ನಡ ಬಾವುಟದ ಹಳದಿ ಕೆಂಪು ಬಣ್ಣಗಳನ್ನು ಕೊಟ್ಟ ಮ. ರಾಮಮೂರ್ತಿಯವರು ಕೂಡ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಬೆಂಗಳೂರಿನಲ್ಲಿ ಕನ್ನಡಕ್ಕೆ ಜಾಗವಿಲ್ಲ ಎಂದು ಅ.ನ.ಕೃ. ಅವರ ಜೊತೆ ಚಳವಳಿಗೆ ಇಳಿದ ರಾಮಮೂರ್ತಿಯವರು 1967ರಲ್ಲಿ ತಮ್ಮ ಜಮೀನಿನಲ್ಲಿ ಬಾವಿ ಕುಸಿದು ತೀರಿಕೊಂಡರು. ಬೀದಿಯಲ್ಲಿ ಕನ್ನಡದ ಬಾವುಟ ಹಿಡಿದ ಮನುಷ್ಯನೇ ಮನೆಯಲ್ಲಿ ಕೂತು ಕೊಲೆಗಾರರ ಬೆನ್ನು ಹತ್ತುತ್ತಿದ್ದರು ಎಂಬುದನ್ನು ನವೆಂಬರ್ ತಿಂಗಳಿನ ಭಾಷಣಗಳಲ್ಲಿ ಯಾರೂ ಹೇಳುವುದನ್ನು ನಾನು ಕೇಳಿಲ್ಲ. ಹೇಳಬೇಕು. ಜನ ಕನ್ನಡ ಓದಬೇಕಾದರೆ ಅವರಿಗೆ ಓದಬೇಕೆನಿಸುವ ಕನ್ನಡ ಇರಬೇಕು ಎಂಬುದು ಅವರಿಗೆ ತಿಳಿದಿತ್ತು. ಆಮೇಲೆ ಟಿ.ಕೆ. ರಾಮರಾಯರು ಬಂದರು. 1972ರಲ್ಲಿ ಸಿನಿಮಾ ಆದ 'ಬಂಗಾರದ ಮನುಷ್ಯ' ಅವರದೇ ಕಾದಂಬರಿ. ನಮ್ಮ ಹಾಸ್ಟೆಲಿನಲ್ಲಿ ಮಾತ್ರ ಅವರ ಹೆಸರು ನಡೆಯುತ್ತಿದ್ದದ್ದು ಪತ್ತೇದಾರಿ ಕಾದಂಬರಿಗಳಿಂದ.

ಒಂದು ಪ್ರಶ್ನೆ ಚಿಕ್ಕಂದಿನಿಂದ ನನ್ನನ್ನು ಕಾಡುತ್ತಿತ್ತು. ಈ ಕೊಲೆಗಳೆಲ್ಲ ಬೆಂಗಳೂರಿನ ಮಲ್ಲೇಶ್ವರ, ಗಾಂಧಿನಗರಗಳಲ್ಲೇ ಏಕೆ ಆಗಬೇಕು? ನಮ್ಮ ಊರಿಗೇನು ಕಡಿಮೆ? ಆರು ತಿಂಗಳು ಮಳೆ, ಮೈಲಿಗೊಂದು ಒಂಟಿ ಮನೆ, ಕೂಗಿದರೆ ಕೇಳದಷ್ಟು ಕಾಡು. ಹೆಣ ಅಡಗಿಸಲು ಇಷ್ಟು ಅನುಕೂಲವಾದ ಜಾಗ ಇನ್ನೆಲ್ಲಿದೆ?

ಮೇಡಂ ಆಗಿ, ಮಕ್ಕಳಿಗೆ ಸಮಾಜ ಪಾಠ ಹೇಳುತ್ತಾ ಹೇಳುತ್ತಾ ಉತ್ತರ ನನಗೇ ಹೊಳೆಯಿತು. ಪತ್ತೇದಾರನಿಗೆ ಕಾಡು ಬೇಕಾಗಿಲ್ಲ, ಅಪರಿಚಿತರು ಬೇಕು. ಪಕ್ಕದ ಮನೆಯವನು ಯಾರು, ಎಲ್ಲಿಂದ ಬಂದ, ರಾತ್ರಿ ಏನು ಮಾಡುತ್ತಾನೆ ಎಂದು ಗೊತ್ತಿಲ್ಲದ ಬೀದಿ ಬೇಕು. ಬೆಂಗಳೂರಿಗೆ ಅಂಥ ಬೀದಿಗಳು ಬಂದದ್ದು ಆಗಲೇ. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಒಂದರ ಹಿಂದೆ ಒಂದು ಕಾರ್ಖಾನೆ ಬಂದಂತೆ ದೇಶದ ನಾನಾ ಕಡೆಯ ಜನ ಬಂದರು. ಪೇಟೆಯಾಚೆ ಹೊಸ ಬಡಾವಣೆಗಳಾದವು. ಕಾಂಪೌಂಡು, ಗೇಟು, ಮನೆ ನಂಬರು, ಬಾಡಿಗೆದಾರ. ಒಂದೇ ಗೋಡೆಯ ಆಚೀಚೆ ಇದ್ದವರಿಗೆ ಪರಸ್ಪರ ಹೆಸರು ಗೊತ್ತಿಲ್ಲ. ಅಂಥ ಊರಿನಲ್ಲಿ ಎಲ್ಲರ ಮನೆಯೊಳಗೆ ಹೋಗಿ ನಿಜ ತಿಳಿದು ಬರುವ ಒಬ್ಬ ಮನುಷ್ಯ ಬೇಕಾಗಿದ್ದ. ನರಸಿಂಹಯ್ಯನವರು ಪುರುಷೋತ್ತಮನನ್ನು ಕಳಿಸಿದರು. ಹೊಟ್ಟೆಪಾಡಿಗೆಂದು ಆ ಊರಿಗೆ ಹೋದ ನನ್ನ ಸೋದರಮಾವನಂಥವರು ಆ ಪುಸ್ತಕಗಳಲ್ಲೇ ಬೆಂಗಳೂರಿನ ಬೀದಿಗಳ ಹೆಸರು ಕಲಿತರು.

ನಮ್ಮ ಊರಿನಲ್ಲಿ ಹಾಗಿರಲಿಲ್ಲ. ಯಾರ ಮನೆಗೆ ಯಾವ ಬಸ್ಸಿನಲ್ಲಿ ನೆಂಟರು ಬಂದರು ಎಂಬುದು ಅವರು ಕೈಕಾಲು ತೊಳೆಯುವುದರೊಳಗೆ ಗುಡ್ಡದಾಚೆಗೂ ಗೊತ್ತಾಗುತ್ತಿತ್ತು. ಮಲೆನಾಡಿನಲ್ಲೂ ಅನ್ಯಾಯದ ಸಾವುಗಳಾಗಿವೆ. ಬಾವಿಗೆ ಬಿದ್ದ ಸೊಸೆಯಂದಿರಿದ್ದಾರೆ, ಕಾಲು ಜಾರಿ ಹೊಳೆಗೆ ಹೋದ ಪಾಲುದಾರರಿದ್ದಾರೆ. ಆದರೆ ಮಾಡಿದವರು ಯಾರು ಎಂಬುದು ಇಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತಿತ್ತು. ಬಾಯಿ ಬಿಟ್ಟು ಹೇಳುವವರು ಯಾರು ಎಂಬುದೇ ಪ್ರಶ್ನೆ. ಇದಕ್ಕೆ ಪತ್ತೇದಾರನನ್ನು ಕರೆತಂದು ಏನು ಪ್ರಯೋಜನ?

ಇಂಗ್ಲೆಂಡಿನಲ್ಲಿ ಹಳ್ಳಿಯಲ್ಲೂ ಪತ್ತೇದಾರಿ ನಡೆಯಿತು ಎನ್ನಬಹುದು. ನಿಜ. ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ಕಥೆ ಪ್ಯಾರಿಸ್ಸಿನದು. 1887ರಲ್ಲಿ ಬಂದ ಷರ್ಲಾಕ್ ಹೋಮ್ಸ್ ಲಂಡನ್ ಪೇಟೆಯವನು. ನಮ್ಮ ಬಂಗಾಳದ ಬ್ಯೋಮಕೇಶ ಕೂಡ 1932ರಲ್ಲಿ ಕೊಲ್ಕತ್ತದಲ್ಲೇ ಹುಟ್ಟಿದ. ಆದರೆ ಅಗಾಥಾ ಕ್ರಿಸ್ಟಿ 1927ರಲ್ಲಿ ಮಿಸ್ ಮಾರ್ಪಲ್ ಎಂಬ ಮದುವೆಯಾಗದ ಮುದುಕಿಯನ್ನು ಒಂದು ಹಳ್ಳಿಯಲ್ಲಿ ಕೂರಿಸಿದಳು. ಆಕೆ ಭೂತಗನ್ನಡಿ ಹಿಡಿದು ಓಡಾಡುವವಳಲ್ಲ. ಸ್ವೆಟರ್ ಹೆಣೆಯುತ್ತಾ, ಈ ಮನುಷ್ಯ ನಮ್ಮೂರಿನ ಇಂಥವನ ಹಾಗೆಯೇ ಇದ್ದಾನಲ್ಲ ಎಂದುಕೊಂಡೇ ಕೊಲೆಗಾರನನ್ನು ಹಿಡಿಯುತ್ತಾಳೆ. ಆಕೆಯ ಕಥೆ ಓದಿದಾಗ ನನಗೆ ನೆನಪಾದದ್ದು ಅಡಿಕೆಯಿಂದ ತಲೆಯೆತ್ತದ ನಮ್ಮ ದೊಡ್ಡಮ್ಮ. ವ್ಯತ್ಯಾಸವಿಷ್ಟೇ, ಮಿಸ್ ಮಾರ್ಪಲ್ ಹೇಳಿದರೆ ಪೊಲೀಸರು ಕೇಳುತ್ತಾರೆ. ದೊಡ್ಡಮ್ಮನಿಗೆ ಊರಿನ ಎಷ್ಟು ವಿಷಯ ಗೊತ್ತಿತ್ತೋ! ಅವಳನ್ನು ಕೇಳಿದವರಿಲ್ಲ. ಕೇಳಿದ್ದರೂ ಮರುದಿನ ಅವಳು ಕೂಲಿಗೆ ಬರಬೇಕಾದದ್ದು ಆ ಮನೆಗಳಿಗೇ.

ಇದನ್ನು ಸರಿಯಾಗಿ ಕಂಡು ಬರೆದವರು ನಮ್ಮ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ ಮನೆತನದವರೇ ಆದ ಪೂರ್ಣಚಂದ್ರ ತೇಜಸ್ವಿಯವರು. 1985ರಲ್ಲಿ ಬಂದ 'ಚಿದಂಬರ ರಹಸ್ಯ' ನೋಡಿ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೆಸರೂರು ಎಂಬ ಮಲೆನಾಡಿನ ಊರು, ಒಬ್ಬ ವಿಜ್ಞಾನಿಯ ಸಾವು, ಏಲಕ್ಕಿಯ ಕಥೆ, ತನಿಖೆಗೆಂದು ಹೊರಗಿನಿಂದ ಬರುವ ಒಬ್ಬ ಅಧಿಕಾರಿ. ಪತ್ತೇದಾರಿ ಕಾದಂಬರಿಗೆ ಬೇಕಾದ ಸಾಮಾನೆಲ್ಲ ಇದೆ. ಆದರೆ ಅಧಿಕಾರಿ ಹುಡುಕಿದಷ್ಟೂ ಸಿಗುವುದು ಒಬ್ಬ ಅಪರಾಧಿಯಲ್ಲ, ಒಂದಿಡೀ ಊರಿನ ಜಾತಿ, ದುರಾಸೆ, ಮೂಢತನ. 1994ರ 'ಜುಗಾರಿ ಕ್ರಾಸ್' ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಪಾಳಿ ಹಚ್ಚಿ ಓದಿದರು. ಏಲಕ್ಕಿ ಮಾರಲು ಹೋದ ಗಂಡ ಹೆಂಡತಿಯ ಬೆನ್ನು ಹತ್ತುವ ಆ ಕಥೆ, ಅಮ್ಮ ಓದುತ್ತಿದ್ದ ಪುಸ್ತಕಗಳ ಓಟವನ್ನೇ ನಮ್ಮ ಘಟ್ಟದ ದಾರಿಗೆ ತಂದಿತ್ತು. ಪತ್ತೇದಾರಿ ಎಂದರೆ ಮೂಗು ಮುರಿಯುತ್ತಿದ್ದ ಕನ್ನಡ ಪಂಡಿತರು ಕೂಡ ತೇಜಸ್ವಿಯವರದು ಎಂಬ ಕಾರಣಕ್ಕೆ ಕವರು ಹಾಕದೆಯೇ ಓದಿದರು.

ಹೀಗೆ ಪಂಡಿತರನ್ನು ಹೇಳುವ ಹಕ್ಕು ನನಗಿಲ್ಲ. ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ.

ನಾನು ಬಿ.ಎಡ್. ಮುಗಿಸಿ ಸಾಗರ ತಾಲೂಕಿನ ಒಂದು ಹೈಸ್ಕೂಲು ಸೇರಿ ಕೆಲವೇ ವರ್ಷಗಳಾಗಿದ್ದವು. ಕೆಲಸದ ಬಿಸಿ, ಒಳ್ಳೆಯ ಟೀಚರ್ ಎನಿಸಿಕೊಳ್ಳಬೇಕೆಂಬ ಆಸೆ. ಒಂಬತ್ತನೇ ತರಗತಿಯಲ್ಲಿ ಹಿನ್ನೀರಿನ ಕಡೆಯಿಂದ ಲಾಂಚ್ ದಾಟಿ ಬಂದು, ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗಿಯಿದ್ದಳು. ಒಂದು ದಿನ ಪಾಠ ನಡೆಯುವಾಗ ಸಮಾಜ ಪುಸ್ತಕದ ನಡುವೆ ಇನ್ನೊಂದು ಸಣ್ಣ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಕಸಿದುಕೊಂಡು ನೋಡಿದರೆ ಪತ್ತೇದಾರಿ ಕಾದಂಬರಿ. ಮೇಲೆತ್ತಿ ಇಡೀ ತರಗತಿಗೆ ತೋರಿಸಿದೆ. "ಇಂಥ ಕಸ ಓದುವುದಕ್ಕೆ ಅಪ್ಪ ಅಮ್ಮ ಹೊಳೆ ದಾಟಿಸಿ ಕಳಿಸಿದ್ದಾ?" ಎಂದೆ. ಮಕ್ಕಳೆಲ್ಲ ನಕ್ಕರು. ಅವಳು ಏನೂ ಹೇಳಲಿಲ್ಲ. ಪುಸ್ತಕವನ್ನು ಸ್ಟಾಫ್ ರೂಮಿನ ಬೀರುವಿಗೆ ಹಾಕಿದೆ. ಮಾರನೆಯ ದಿನ ಬಂದು ಕೇಳಿದರೆ ಕೊಟ್ಟುಬಿಡೋಣ ಎಂದುಕೊಂಡಿದ್ದೆ. ಅವಳು ಕೇಳಲಿಲ್ಲ, ನಾನು ಮರೆತೆ.

ಅದು ಬಾಡಿಗೆಗೆ ತಂದ ಪುಸ್ತಕವಾಗಿತ್ತಂತೆ. ಅಂಗಡಿಯವನಿಗೆ ದಂಡ ಕಟ್ಟಲು ಅವಳು ಎರಡು ತಿಂಗಳು ಬಸ್ಸಿನ ದುಡ್ಡು ಉಳಿಸಿ ನಡೆದಳಂತೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಹತ್ತನೇ ತರಗತಿ ಮುಗಿಸಿದ ಮೇಲೆ ಅವಳು ಮುಂದೆ ಓದಲಿಲ್ಲ. ಅದಕ್ಕೆ ನಾನೇ ಕಾರಣ ಎಂದರೆ ನನ್ನನ್ನು ನಾನೇ ದೊಡ್ಡದು ಮಾಡಿಕೊಂಡಂತೆ. ಮನೆಯಲ್ಲಿ ಕಷ್ಟವಿತ್ತು, ಬೇಗ ಮದುವೆಯಾಯಿತು. ಆದರೆ ಪುಸ್ತಕ ಹಿಡಿಯುವ ಕೈಯನ್ನು ಹತ್ತು ಜನರ ಮುಂದೆ ತಗ್ಗಿಸಿದವಳು ನಾನು. ಅದೂ ನನ್ನ ಅಮ್ಮನ ಕೈಯಲ್ಲಿದ್ದಂಥ ಪುಸ್ತಕ! ನಾನು ಕನ್ನಡ ಕಲಿತದ್ದು ಆ ಅಂಗಳದಲ್ಲಿ. ಬಿ.ಎಡ್. ಆಗುವಷ್ಟರಲ್ಲಿ ಅದು ನನಗೆ ಕಸವಾಗಿತ್ತು.

ಕೆಲವು ವರ್ಷಗಳ ಹಿಂದೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಬಂದು "ಟೀಚರ್, ಗುರುತು ಸಿಕ್ತಾ?" ಎಂದಳು. ಸಿಕ್ಕಲಿಲ್ಲ. ಹೆಸರು ಹೇಳಿದ ಮೇಲೆ ನೆನಪಾಯಿತು. ಜೊತೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದಳು. ಮಳೆ, ಮನೆ, ಅಡಿಕೆ ರೇಟು ಎಲ್ಲ ಮಾತಾಡಿದೆವು. ದಂಡ ಕಟ್ಟಿದ ಕಥೆಯನ್ನೂ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಅವಳ ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ, "ಟೀಚರ್, ಆ ಪುಸ್ತಕ ನೀವು ಓದಿದ್ರಾ? ಕೊನೆಗೆ ಕೊಲೆ ಮಾಡಿದ್ದು ಯಾರು ಅಂತ ಆಯ್ತು?" ಎಂದು ಕೇಳಿದಳು.

ನಾನು ಓದಿರಲಿಲ್ಲ. ಮೇಲಾಗಿ ಅದರ ಹೆಸರೂ ನನಗೆ ನೆನಪಿರಲಿಲ್ಲ. ಅವಳಿಗೂ ಇರಲಿಲ್ಲ. ಯಾವುದೋ ಬಂಗಲೆ, ಮುಸುಕು ಹಾಕಿಕೊಂಡ ಒಬ್ಬ ಹೆಂಗಸು ಇಷ್ಟೇ ಅವಳ ನೆನಪು.

ಮರುದಿನವೇ ಬೀರು ತೆಗೆಸಿ ನೋಡಿದೆ. ಕಟ್ಟಡ ರಿಪೇರಿಯಾದಾಗ ಹಳೆಯ ಕಾಗದದ ಜೊತೆ ರದ್ದಿಗೆ ಹೋಗಿತ್ತು. ಆಮೇಲೆ ಹುಡುಕತೊಡಗಿದೆ. ಬಾಡಿಗೆ ಪುಸ್ತಕದ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. 1965ರ ಗ್ರಂಥಾಲಯ ಕಾಯ್ದೆಯ ನಂತರ ಊರೂರಿಗೆ ಲೈಬ್ರರಿ ಬಂದವು ನಿಜ, ಆದರೆ ನಾನು ಹೋದ ಕಡೆ ಹಳೆಯ ಪತ್ತೇದಾರಿ ಪುಸ್ತಕಗಳು ಸಿಕ್ಕಿದ್ದು ಕೈಬೆರಳೆಣಿಕೆಯಷ್ಟು. ಓದಿ ಓದಿ ಹರಿದವು, ಹರಿದದ್ದಕ್ಕೆ ಎಸೆದರು, ಎಸೆದದ್ದಕ್ಕೆ ಯಾರೂ ದುಃಖಿಸಲಿಲ್ಲ. ಓದದೆ ಉಳಿದ ಮಹಾಗ್ರಂಥಗಳು ಮಾತ್ರ ಕಪಾಟಿನಲ್ಲಿ ಹೊಸದಾಗಿಯೇ ಇವೆ. ಅಮ್ಮನ ಕಟ್ಟಿನಿಂದ ನಮ್ಮ ಅಟ್ಟದ ಮೇಲೆ ಏಳು ಪುಸ್ತಕ ಸಿಕ್ಕವು. ನಾಲ್ಕಕ್ಕೆ ಗೆದ್ದಲು ಹಿಡಿದಿತ್ತು. ಮೂರರಲ್ಲಿ ಎರಡಕ್ಕೆ ಕೊನೆಯ ಪುಟಗಳಿರಲಿಲ್ಲ. ಪುಟ ಹೋದಾಗ ಅಮ್ಮ ಏನು ಮಾಡುತ್ತಿದ್ದಳೆಂದು ಆಗ ನೆನಪಾಯಿತು. ಓದು ನಿಲ್ಲಿಸದೆ, ಅದೇ ಧ್ವನಿಯಲ್ಲಿ, ತಾನೇ ಮುಂದೆ ಕಟ್ಟಿ ಹೇಳುತ್ತಿದ್ದಳು. ಪುಟ ಮುಗಿದದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅವಳು ಹಿಡಿದ ಅಪರಾಧಿ ಯಾವಾಗಲೂ ದೊಡ್ಡಮ್ಮ ಹೇಳಿದವನೇ.

ಈಗ ಸಾಗರ, ತೀರ್ಥಹಳ್ಳಿ, ಹೊಸನಗರದ ಅಂಚಿನಲ್ಲೂ ಬಡಾವಣೆಗಳು ಎದ್ದಿವೆ. ಕಾಂಪೌಂಡು, ಗೇಟು, ಗೇಟಿನ ಮೇಲೆ ಕ್ಯಾಮೆರಾ. ನಮ್ಮ ಬೀದಿಯ ಮೂರನೇ ಮನೆಯವರ ಹೆಸರು ನನಗೆ ಗೊತ್ತಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದವರು ಇಲ್ಲಿ ಒಬ್ಬೊಬ್ಬರೇ. ಅಂತೂ ಪತ್ತೇದಾರಿ ಕಾದಂಬರಿಗೆ ನಮ್ಮ ಊರೂ ಯೋಗ್ಯವಾಯಿತು! ಅಡಿಕೆ ಸುಲಿಯುವ ಯಂತ್ರವೂ ಬಂದು ರಾತ್ರಿಯ ಆ ಸಾಲು ಇಲ್ಲವಾಯಿತು. ಯಾರ ಮನೆಯಲ್ಲಿ ಏನು ನಡೆಯುತ್ತದೆಂದು ತಲೆಯೆತ್ತದೆಯೇ ಹೇಳುವ ದೊಡ್ಡಮ್ಮಂದಿರೂ ಇಲ್ಲ.

ಈಚೆಗೆ ನನ್ನ ತರಗತಿಯಲ್ಲಿ ಒಂದು ಹೊಸ ರೂಢಿ ಇಟ್ಟುಕೊಂಡಿದ್ದೇನೆ. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಅಮ್ಮನ ಆ ಪುಸ್ತಕಗಳಲ್ಲೊಂದನ್ನು ಗಟ್ಟಿಯಾಗಿ ಓದುತ್ತೇನೆ. ಪುಟ ಮುಗಿದಲ್ಲಿ ನಿಲ್ಲಿಸಿ, ಮುಂದಿನದನ್ನು ನೀವೇ ಬರೆದು ತನ್ನಿ ಎನ್ನುತ್ತೇನೆ. ಪ್ರಬಂಧ ಬರೆಯಿರಿ ಎಂದರೆ ಎಂಟು ಸಾಲು ಬರೆಯುವ ಮಕ್ಕಳು ನಾಲ್ಕು ಪುಟ ಬರೆದು ತರುತ್ತಾರೆ. ತಪ್ಪು ಕಾಗುಣಿತ ಬೇಕಾದಷ್ಟಿರುತ್ತದೆ. ಆ ದಿನ ಮಾತ್ರ ಕೆಂಪು ಶಾಯಿ ಮುಟ್ಟುವುದಿಲ್ಲ.

ಆ ಹೆಂಗಸಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ನಿಮ್ಮ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಅಜ್ಜಿಯ ಸೀರೆಯ ಕೆಳಗೆ ಇಂಥ ಸಣ್ಣ ಪುಸ್ತಕಗಳೇನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಬಂಗಲೆ, ಒಬ್ಬ ಮುಸುಕಿನ ಹೆಂಗಸು. ಕೊನೆಯ ಪುಟಗಳಿವೆಯೇ ಎಂದು ಒಮ್ಮೆ ತಿರುಗಿಸಿ ನೋಡಿ.